ಬೇಚರಾಕ್

ಕಡೂರು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ
ವಿಮಾ ಕಂಪನಿಯ ಕ್ಯಾಲೆಂಡರು. ಹನ್ನೊಂದು ತಿಂಗಳು
ಹಸು, ಕೂಸು, ಜಲಪಾತ, ನಗುವ ದಂಪತಿ.
ಡಿಸೆಂಬರಿಗೆ ಮಾತ್ರ ಒಂದು ಬಿಳಿ ದಿಬ್ಬ,
ಸುತ್ತ ಸೀಸದ ಬಣ್ಣದ ನೀರು,
ಕೆಳಗೆ ಇರುವೆಗಾತ್ರದ ಅಕ್ಷರ:
ದಕ್ಷಿಣದ ಕಡಲಲ್ಲಿ ಜನವಸತಿಯಿಲ್ಲದ ದ್ವೀಪ,
ಹಿಮದಡಿಯಲ್ಲಿ ಜೀವಂತ ಜ್ವಾಲಾಮುಖಿ.

ಸಾಯುವವರೇ ಇಲ್ಲದ ಊರನ್ನು
ವಿಮೆಯವರು ಯಾವ ಆಸೆಗೆ ಅಚ್ಚು ಹಾಕಿಸಿದರೋ.

ನನ್ನ ವೃತ್ತದಲ್ಲೂ ಇದೆ ಅಂಥದೊಂದು,
ಕಂಚುಗಲ್ಲಹಳ್ಳಿ. ನಕ್ಷೆಯಲ್ಲಿದೆ, ಗಡಿಕಲ್ಲಿದೆ,
ಸರ್ವೆ ನಂಬರು ಒಂದರಿಂದ ನಲವತ್ತೇಳು.
ಜನಸಂಖ್ಯೆಯ ಮನೆಯಲ್ಲಿ ಸೊನ್ನೆ.
ಷರಾ: ಬೇಚರಾಕ್.

ಕೆಲಸಕ್ಕೆ ಸೇರಿದ ಹೊಸತರಲ್ಲಿ
ಅದನ್ನು ಯಾರದೋ ಹೆಸರೆಂದುಕೊಂಡಿದ್ದೆ.
ಮೋಜಣಿದಾರ ಅಜೀಜುಲ್ಲಾ ಸಾಹೇಬರು
ಚಹಾ ಲೋಟ ಕೆಳಗಿಟ್ಟು ಹೇಳಿದರು:
"ಚಿರಾಗ್ ಅಂದ್ರೆ ದೀಪ ಕಣಮ್ಮ ವೇದಾವತಿ.
ಬೇ ಅಂದ್ರೆ ಇಲ್ಲ.
ಸಂಜೆ ಹೊತ್ತು ಯಾರೂ ದೀಪ ಹಚ್ಚದ ಊರು."
ಮೂವತ್ತು ವರ್ಷ ಸರಪಳಿ ಎಳೆದ ಅಂಗೈಯನ್ನು
ಗಾಳಿಗೆ ಅಡ್ಡ ಹಿಡಿದು ತೋರಿಸಿದರು,
ನಡುವೆ ಏನೋ ಉರಿಯುತ್ತಿರುವಂತೆ.

ಈ ಡಿಸೆಂಬರಿನ ಒಂದು ಮಧ್ಯಾಹ್ನ ಸರ್ವರ್ ಕೈಕೊಟ್ಟಿತು.
ಪಹಣಿಗೆ ಬಂದವರು ಬೇವಿನ ನೆರಳಿಗೆ ಹೋದರು.
ಹಳೇ ನಮೂನೆಯ ಹಾಳೆಯೊಂದು ಕೈಗೆ ಸಿಕ್ಕಿತು, ಬರೆದೆ.

ಚಕ್ಕುಬಂದಿ:
ಪೂರ್ವಕ್ಕೆ ಸಮುದ್ರ. ಪಶ್ಚಿಮಕ್ಕೆ ಅದೇ.
ಉತ್ತರಕ್ಕೆ, ಬಹಳ ದೂರ ಹೋದರೆ, ನಾವು.
ದಕ್ಷಿಣಕ್ಕೆ ಮತ್ತಷ್ಟು ಬಿಳುಪು.
ಖುಷ್ಕಿ, ತರಿ, ಬಾಗಾಯ್ತು ಯಾವುದೂ ಅಲ್ಲ,
ಅಷ್ಟೂ ಖರಾಬು.
ನೀರಿನ ಮೂಲ ಎಂಬಲ್ಲಿ ಪೆನ್ನು ನಿಂತಿತು.
ಊರಿಗೆ ಊರೇ ನೀರು, ಕಲ್ಲಾಗಿ ಕೂತ ನೀರು;
ಬೋರು ಕೊರೆಸಿದರೆ ಬೆಂಕಿ ಬಿದ್ದೀತು.
ಋಣ ಇಲ್ಲ. ತಕರಾರು ಇಲ್ಲ.
ಪೌತಿ ಖಾತೆಗೆ ಅರ್ಜಿ ಹಿಡಿದು
ಮೂರು ವರ್ಷ ಅಲೆದವರು ಇಲ್ಲ.
ಮಹಜರಿಗೆ ಪಂಚರು:
ದಡದಲ್ಲಿ ಸಾಲಾಗಿ ನಿಂತ, ಹೆಬ್ಬೆಟ್ಟಿಲ್ಲದ ಹಕ್ಕಿಗಳು.

ಕೊನೆಗೆ ಷರಾ. ಬೇ ಎಂದು ಬರೆದವಳು
ಮುಂದೆ ಹೋಗಲಿಲ್ಲ.
ಹೊಟ್ಟೆಯೊಳಗೆ ಅಷ್ಟು ಬೆಂಕಿ ಇಟ್ಟುಕೊಂಡಿದ್ದನ್ನು
ದೀಪವಿಲ್ಲದ್ದು ಅನ್ನುವುದು ಹೇಗೆ?
ಹಚ್ಚಿದವರಿಲ್ಲ, ಸರಿ. ಕಂಡು ಕೈಮುಗಿದವರೂ ಇಲ್ಲ.
ಆದರೂ ಉರಿಯುತ್ತಿದೆಯಲ್ಲ.
ಅಷ್ಟರಲ್ಲಿ ಸರ್ವರ್ ಬಂತು. ಬೇವಿನ ನೆರಳು ಎದ್ದು
ಕಿಟಕಿಗೆ ಮುಗಿಬಿತ್ತು.

ಮರುವಾರ ಬೆಳೆ ಸಮೀಕ್ಷೆಗೆ ಕಂಚುಗಲ್ಲಹಳ್ಳಿ,
ನಾನು, ಗ್ರಾಮ ಸಹಾಯಕ ಮೂಡ್ಲಯ್ಯ.
ಸ್ಕೂಟರು ಹಳ್ಳದ ಈಚೆಗೇ ಉಳಿಯಿತು.
ಫೋನಿನಲ್ಲಿ ಒಂದೂ ಕಡ್ಡಿಯಿಲ್ಲ.
ಪ್ಲೇಗಿಗೆ ಎದ್ದುಹೋದ ಊರಂತೆ; ಜಗಳಕ್ಕೆ ಅಂತ
ಮೂಡ್ಲಯ್ಯನ ಮನೆಯವಳ ಕಡೆಯವರು.
ಒರಳಿನ ಗುಳಿಯಲ್ಲಿ ತುಂಬೆ ಹೂ ಬಿಟ್ಟಿತ್ತು.
ಕಲ್ಲುಗೋಡೆ ಎರಡು ಮೊಳ ಉಳಿದಿತ್ತು,
ಅದರಲ್ಲೊಂದು ದೀಪದ ಗೂಡು.

ಗೂಡಿಗೆ ಕೈಹಾಕಿ ಮೂಡ್ಲಯ್ಯ
ಬೀಡಿ ಕಟ್ಟು ತೆಗೆದ, ಬೆಂಕಿಪೊಟ್ಟಣ ತೆಗೆದ.
"ಹೋದ್ಸಲ ಇಟ್ಟಿದ್ದೆ ಮೇಡಂ. ಇಲ್ಯಾರ್ ಕದೀತಾರೆ?"
ಥಂಡಿ ಹಿಡಿದ ಕಡ್ಡಿ, ಮೂರು ಹತ್ತಲಿಲ್ಲ.
ನಾಲ್ಕನೆಯದು ಹತ್ತಿತು.
ಅಂಗೈ ಮರೆಮಾಡಿ ಅವನು ಬಗ್ಗಿದಷ್ಟು ಹೊತ್ತು
ಸರ್ಕಾರದ ದಾಖಲೆ ಸುಳ್ಳಾಯಿತು.
ಫೋಟೋ ತೆಗೆಯಲಿಲ್ಲ. ಬೆಳೆ ಕಾಲಂನಲ್ಲಿ
ಹುಲ್ಲು ಎಂದು ತುಂಬಿದೆ.

ಜನವರಿ ಬಂತು. ಹಳೇ ಕ್ಯಾಲೆಂಡರನ್ನು
ರದ್ದಿಗೆ ಹಾಕುವ ಮುಂಚೆ
ಡಿಸೆಂಬರನ್ನು ಕಿತ್ತು, ಮೈದಾ ಅಂಟು ಬಳಿದು
ಕಂಚುಗಲ್ಲಹಳ್ಳಿಯ ಕಡತಕ್ಕೆ ಹೊದಿಕೆ ಹಾಕಿದೆ.
ಈಗ ಹಿಮ ಹೊರಗೆ, ಊರು ಒಳಗೆ.
ಬಟ್ಟೆ ಸುತ್ತಿದ ಕೆಂಪು ಗಂಟುಗಳ ನಡುವೆ
ಹುಡುಕುವುದೂ ಸುಲಭ.
ಯಾವುದಮ್ಮ ಅಂತ ಶಿರಸ್ತೇದಾರರು ಕೇಳಿದರೆ
ಆ ಬಿಳೀದು ಸಾರ್, ಅನ್ನುತ್ತೇನೆ.